ಬಿಸಿಲಿಗೆ ತಲೆಗೆ ಬಂಡಾನಾ: ಯಾವ ಬಟ್ಟೆ, ಎಷ್ಟು ಅಳತೆ? ದಾವಣಗೆರೆ, ದುರ್ಗದವರು ಹೇಳಿ

ಗುಂಗುರು_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮೂರ ಬಿಸಿಲು ಶುರುವಾಗಿದೆ, ಹೇಳೋದೇ ಬೇಡ. ನನ್ನದು ಗುಂಗುರು ಕೂದಲು, ದಟ್ಟ ಬೇರೆ. ಬೆಳಿಗ್ಗೆ ವಿದ್ಯಾನಗರದಿಂದ ಸ್ಕೂಟಿಯಲ್ಲಿ ಹೊರಟು ಗಾಂಧಿ ಸರ್ಕಲ್ ಸಿಗ್ನಲ್‌ನಲ್ಲಿ ನಿಲ್ಲುವಷ್ಟರಲ್ಲಿ ಹಣೆಯ ಬೆವರು ಇಳಿದು ಕನ್ನಡಕದ ಗಾಜಿನ ಮೇಲೆ ಕೂತಿರುತ್ತದೆ. ಕ್ಲಚ್ ಹಾಕಿದರೆ ಹೆಲ್ಮೆಟ್ ಕೂರುವುದಿಲ್ಲ. ಜಡೆ ಹಾಕಿದರೆ ಮುಂದಿನ ಚಿಕ್ಕ ಕೂದಲು ಕೈಗೆ ಸಿಗುವುದಿಲ್ಲ.

ಬಂಡಾನಾ, ಅಂದರೆ ತಲೆಗೆ ಕಟ್ಟುವ ಚೌಕ ಬಟ್ಟೆ, ಕಟ್ಟಿ ನೋಡೋಣ ಅಂತ ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದೆ. ಫೋಟೋ ಕೆಳಗೆ ಕಾಟನ್ ಅಂತ ಬರೆದಿತ್ತು, ಕೈಗೆ ಬಂದಿದ್ದು ನುಣ್ಣಗೆ ಜಾರುವ ಬಟ್ಟೆ. ಕಟ್ಟಿದ ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಸರಿದು ಕುತ್ತಿಗೆಗೆ ಬಂದು ಬೀಳುತ್ತದೆ. ಒಳಗಡೆ ಸೆಕೆ ಮೊದಲಿಗಿಂತ ಜಾಸ್ತಿ. ಮನೆಯಲ್ಲಿ ಅಮ್ಮ ನೋಡಿದ ಕೂಡಲೇ ತಲೆನೋವಾ ಅಂತ ಕೇಳಿ ಅಮೃತಾಂಜನ ಹುಡುಕಲು ಹೋದರು.

ಯಾವ ಬಟ್ಟೆ ತಗೋಬೇಕು, ಎಷ್ಟು ಅಳತೆ, ಹೆಲ್ಮೆಟ್ ಒಳಗೆ ಕಟ್ಟಬಹುದಾ, ದಿನಾ ಕಟ್ಟಿದರೆ ಕೂದಲು ಉದುರುತ್ತಾ? ಕಟ್ಟಿ ಅನುಭವ ಇರುವವರು ಹೇಳಿ. ದಯವಿಟ್ಟು ಕ್ಯಾಪ್ ಹಾಕ್ಕೋ ಅನ್ನಬೇಡಿ, ಕ್ಯಾಪ್ ಈ ಕೂದಲ ಮೇಲೆ ನಿಲ್ಲುವುದಿಲ್ಲ.

ಬೆಣ್ಣೆದೋಸೆ_ಫ್ಯಾನ್
ಕ್ಯಾಪ್ ಹಾಕ್ಕೊಳ್ಳಿ.

ಗುಂಗುರು_ದಾವಣಗೆರೆ
ಬಂದರಲ್ಲ ಮೊದಲನೆಯವರು.

ಹೊಲಿಗೆ_ಮನೆ
ತಂಗಿ, ನಿಮಗೆ ಬಂದಿರುವುದು ಪಾಲಿಯೆಸ್ಟರ್. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಆಗುತ್ತದೆ. ಬಚ್ಚಲಲ್ಲಿ ನಿಂತು ಮಾಡಿ, ಕೈ ಸುಟ್ಟುಕೊಂಡು ನನ್ನನ್ನು ಬೈಯಬೇಡಿ.

ರೆಡಿಮೇಡ್ ಆಸೆ ಬಿಡಿ. ಚೌಕಿಪೇಟೆ ಕಡೆ ಹೋಗಿ ಮಲ್ ಕಾಟನ್ ಅಥವಾ ವಾಯಿಲ್ ಕೇಳಿ, ಎರಡೂ ತೆಳು. ಪಾಪ್ಲಿನ್ ಬೇಡ, ದಪ್ಪ, ಗಂಟು ದೊಡ್ಡದಾಗುತ್ತದೆ. ಬ್ಲೌಸಿಗೆ ಹಾಕುವ 2×2 ರುಬಿಯಾ ಕೂಡ ಆಗುತ್ತದೆ. ಆದರೆ ಈಗ ಆ ಹೆಸರಲ್ಲಿ ಮಿಕ್ಸ್ ಬಟ್ಟೆಯೂ ಬರುತ್ತದೆ, ಕೇಳಿ ತಗೊಳ್ಳಿ. 44 ಇಂಚು ಪನ್ನಾ (ಅಗಲ) ಇರುವುದು ಒಂದೂಕಾಲು ಮೀಟರ್ ತಂದರೆ 21–22 ಇಂಚಿನ ನಾಲ್ಕು ತುಂಡು ಬರುತ್ತವೆ. ಕತ್ತರಿ ಹಾಕುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಹೊಸ ಕಾಟನ್ ಸ್ವಲ್ಪ ಕುಗ್ಗಿಯೇ ಕುಗ್ಗುತ್ತದೆ.

ಗುಂಗುರು_ದಾವಣಗೆರೆ
ಅಕ್ಕ, ಅಷ್ಟು ದೊಡ್ಡದು ಯಾಕೆ? ಅಪ್ಪನ ಕರ್ಚೀಫ್ ಆಗಲ್ವಾ?

ಹೊಲಿಗೆ_ಮನೆ
ಆಗಲ್ಲ. ಕರ್ಚೀಫ್ ಸಾಮಾನ್ಯವಾಗಿ 16ರಿಂದ 18 ಇಂಚು. ಬಂಡಾನಾವನ್ನು ತ್ರಿಕೋನವಾಗಿ ಮಡಚಿ ಕಟ್ಟುತ್ತೀರಿ, ಅಂದರೆ ನಿಮಗೆ ಸಿಗುವ ಉದ್ದ ಮೂಲೆಯಿಂದ ಮೂಲೆಯದು. 18 ಇಂಚಿನದಕ್ಕೆ ಅದು ಇಪ್ಪತ್ತೈದೂವರೆ. ದೊಡ್ಡವರ ತಲೆ ಸುತ್ತಳತೆ ಹೆಚ್ಚುಕಡಿಮೆ 22. ಗಂಟಿಗೆ ಏನು ಉಳಿಯಿತು? ಎರಡೂ ಕಡೆ ಸೇರಿ ಮೂರೂವರೆ ಇಂಚು. ದಟ್ಟ ಕೂದಲು ಅದನ್ನೂ ನುಂಗುತ್ತದೆ. ಅದೇ 22 ಇಂಚಿನ ಬಟ್ಟೆಗೆ ಮೂಲೆಯಿಂದ ಮೂಲೆಗೆ 31 ಬರುತ್ತದೆ. ಒಂಬತ್ತು ಇಂಚು ಉಳಿದರೆ ಎರಡು ಗಂಟು ಆರಾಮಾಗಿ ಬೀಳುತ್ತದೆ. ನಿಮ್ಮ ಕೂದಲಿಗೆ 24 ಮಾಡಿಸಿಕೊಂಡರೂ ತಪ್ಪಿಲ್ಲ.

ಇನ್ನೊಂದು. ಮೂಲೆಗೆ ಮೂಲೆ ಮಡಚಿದಾಗ ಮಡಿಕೆ ಬೀಳುವುದು ಕ್ರಾಸ್‌ನಲ್ಲಿ, ಅಂದರೆ ಎಳೆಗಳಿಗೆ ಓರೆಯಾಗಿ. ಕ್ರಾಸ್ ಬಟ್ಟೆ ಹಿಗ್ಗುತ್ತದೆ, ಬ್ಲೌಸಿಗೆ ಪೈಪಿಂಗ್ ಕೊಡುವವರಿಗೆ ಗೊತ್ತು. ಅದಕ್ಕೇ ತಲೆಗೆ ಹೊಂದಿಕೊಂಡು ಕೂರುತ್ತದೆ. ಉದ್ದಕ್ಕೆ ಪಟ್ಟಿ ಮಡಚಿ ಕಟ್ಟಿದರೆ ಹಿಗ್ಗುವುದಿಲ್ಲ, ಜಾರುತ್ತದೆ ಇಲ್ಲವೇ ಒತ್ತುತ್ತದೆ.

ಸುಮ್ನೆ_ಓದೋನು
ನಮ್ಮ ಲೆಕ್ಕದ ಮೇಷ್ಟ್ರು ಪೈಥಾಗೊರಸ್ ಪ್ರಮೇಯವನ್ನು ಹೀಗೆ ಹೇಳಿಕೊಟ್ಟಿದ್ದರೆ ನಾನು ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ದಾಟುತ್ತಿದ್ದೆ.

ಮಿಲ್_ಕಾಲೊನಿ_ಕಡೆಯವನು
ದಾವಣಗೆರೆಯಲ್ಲಿ ಕೂತು ಕಾಟನ್ ಬಟ್ಟೆಗೆ ಆನ್‌ಲೈನ್ ಆರ್ಡರ್ ಮಾಡುವ ಕಾಲ ಬಂತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಊರು ಇದು! ಮಿಲ್ ಸೈರನ್ನಿಗೆ ಮನೆಯಲ್ಲಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ನಮ್ಮಪ್ಪ ಮಿಲ್ಲಿನಲ್ಲಿದ್ದರು. ಶಿಫ್ಟ್ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯೊಳಗೆ ಹತ್ತಿಯ ಬಿಳಿ ಧೂಳು. ತಲೆ ಮಾತ್ರ ಕಪ್ಪಗಿರುತ್ತಿತ್ತು, ಯಾಕೆಂದರೆ ತಲೆಗೆ ಟವೆಲ್ ಸುತ್ತದೆ ಅವರು ಒಳಗೆ ಹೋದವರೇ ಅಲ್ಲ. ಚಿಕ್ಕ ಟವೆಲ್, ಹಿಂದೆ ಒಂದು ಗಂಟು, ತುದಿ ಒಳಗೆ ಸಿಕ್ಕಿಸಿದರೆ ಮುಗಿಯಿತು. ಮೆಷಿನ್ ಹತ್ತಿರ ತುದಿ ನೇತಾಡಬಾರದು ಅನ್ನುವುದು ಅವರ ನಿಯಮ. ಈಗ ನೀವು ಬಂಡಾನಾ ಅಂತೀರಿ. ಇರಲಿ ಬಿಡಿ, ಕಟ್ಟಿಕೊಳ್ಳಿ, ಒಳ್ಳೆಯದೇ.

ಹಳೇ_ಬೀದಿ_ಇತಿಹಾಸ
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೆಂಗಸರು ಕೆಲಸಕ್ಕೆ ಬಂದಾಗಲೂ ಇದೇ ಕಾರಣಕ್ಕೆ ಬಂಡಾನಾ ಕಟ್ಟುತ್ತಿದ್ದರು. ಕೂದಲು ಮೆಷಿನ್ನಿಗೆ ಸಿಕ್ಕಬಾರದು ಅಂತ. ಫ್ಯಾಷನ್ ಆಮೇಲೆ ಬಂತು.

ಇನ್ನು ಈ ಬಟ್ಟೆ ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ, ಇಲ್ಲಿಂದ ಅಲ್ಲಿಗೆ ಹೋದದ್ದು. 18ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಿಂದ ಗಂಟು ಕಟ್ಟಿ ಬಣ್ಣ ಹಾಕಿದ ರೇಷ್ಮೆ ಚೌಕಗಳನ್ನು ಹಡಗು ತುಂಬ ಒಯ್ಯುತ್ತಿತ್ತು. ನಶ್ಯ ಹಾಕುವವರಿಗೆ ಬಹಳ ಇಷ್ಟ, ಕಲೆ ಕಾಣುತ್ತಿರಲಿಲ್ಲ. ಆಮೇಲೆ ಅವರೇ ಕಾಟನ್ ಮೇಲೆ ಅಚ್ಚು ಹಾಕಲು ಕಲಿತರು. ಕೆಂಪು ಬಂಡಾನಾ ಮೇಲೆ ಇರುವ ಮಾವಿನಕಾಯಿ ಡಿಸೈನ್ ಕೂಡ ಕಾಶ್ಮೀರದ ಶಾಲಿನದು. ಸ್ಕಾಟ್ಲೆಂಡಿನ ಪೇಸ್ಲಿ ಅನ್ನುವ ಊರಿನವರು ಅದರ ನಕಲು ನೇಯ್ದು ನೇಯ್ದು ಡಿಸೈನಿಗೆ ತಮ್ಮೂರ ಹೆಸರೇ ನಿಂತುಬಿಟ್ಟಿತು. ನಮ್ಮ ಅಜ್ಜಿಯರ ಸೀರೆ ಸೆರಗಲ್ಲಿ ಇದ್ದದ್ದೂ ಅದೇ ಮಾವಿನಕಾಯಿ.

ಬುಲೆಟ್_ಸವಾರ
ಸರ್, ಅವರು ಕೇಳಿದ್ದು ಬೆವರಿಗೆ ಔಷಧಿ. ನೀವು ಕೊಟ್ಟಿದ್ದು ಇತಿಹಾಸದ ನೋಟ್ಸ್.

ಹೆಲ್ಮೆಟ್ ವಿಷಯಕ್ಕೆ ಬರೋಣ. ನಾನು ಬಿಸಿಲುಗಾಲ ಪೂರ್ತಿ ಹೆಲ್ಮೆಟ್ ಒಳಗೆ ಕಟ್ಟುತ್ತೇನೆ. ಬೆವರು ಬಟ್ಟೆಗೆ ಹೋಗುತ್ತದೆ, ಒಳಗಿನ ಸ್ಪಂಜು ನಾರುವುದಿಲ್ಲ. ಬಟ್ಟೆ ತೆಳುವಾಗಿರಬೇಕು, ಮತ್ತೆ ಮತ್ತೆ ಮಡಚಿ ದಪ್ಪ ಮಾಡಬಾರದು. ಗಂಟು ತಲೆಬುರುಡೆ ಮೇಲೆ ಬರಬಾರದು, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಕುತ್ತಿಗೆ ಹತ್ತಿರ ಬರಬೇಕು. ಗಂಟು ಒಳಗೆ ಸಿಕ್ಕಿಕೊಂಡರೆ ಹರಿಹರ ಮುಟ್ಟುವಷ್ಟರಲ್ಲಿ ತಲೆ ಸಿಡಿಯುತ್ತದೆ. ದಪ್ಪ ಬಟ್ಟೆ ಸುತ್ತಿದರೆ ಹೆಲ್ಮೆಟ್ ಮೇಲೆದ್ದು ನಿಲ್ಲುತ್ತದೆ, ಬಿದ್ದಾಗ ಕಳಚಿಕೊಂಡರೆ ಹಾಕಿಯೂ ದಂಡ. ಬಂಡಾನಾ ಕಟ್ಟಿ, ಪಟ್ಟಿ ಬಿಗಿದು, ಹೆಲ್ಮೆಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಚರ್ಮ ಜೊತೆಗೇ ಅಲ್ಲಾಡಿದರೆ ಸರಿ ಇದೆ. ಹೆಲ್ಮೆಟ್ ಒಂದೇ ತಿರುಗಿದರೆ ಸರಿ ಇಲ್ಲ.

ಬರೀ ಬಂಡಾನಾ ಕಟ್ಟಿ ಹೆಲ್ಮೆಟ್ ಬಿಟ್ಟು ಓಡಾಡುವ ಹುಡುಗರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಕಟ್ಟುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ನಿಮ್ಮ ಕರ್ಚೀಫಿಗೆ ಅಲ್ಲ.

ಬೆಣ್ಣೆದೋಸೆ_ಫ್ಯಾನ್
ಪೊಲೀಸ್ ನಿಲ್ಲುವ ಜಾಗ ಎಲ್ಲರಿಗೂ ಗೊತ್ತಿರುವ ಊರಲ್ಲಿ ಸೆಕ್ಷನ್ ಹೇಳುತ್ತಿದ್ದಾರೆ ಅಣ್ಣ.

ಬುಲೆಟ್_ಸವಾರ
ಪೊಲೀಸ್ ನಿಲ್ಲುವ ಜಾಗ ನಿನಗೆ ಗೊತ್ತು ತಮ್ಮ. ಹಂಪ್ ಇರುವ ಜಾಗ ಗೊತ್ತಾ?

ಕಲ್ಲಿನಕೋಟೆ_ಹುಡುಗಿ
ದುರ್ಗದಿಂದ ನಮಸ್ಕಾರ. ನಿಮ್ಮದು ಬಿಸಿಲು ಮಾತ್ರ, ನಮ್ಮದು ಬಿಸಿಲು ಜೊತೆಗೆ ಬಂಡೆ. ಕೋಟೆ ಹತ್ತಿ ನೋಡಿ ಒಂದು ಸಲ. ಮೇಲಿಂದ ಸೂರ್ಯ ಸುಡುತ್ತಾನೆ, ಕಾದ ಕಲ್ಲು ಕೆಳಗಿನಿಂದ ಸುಡುತ್ತದೆ. ನೆಂಟರು ಬಂದಾಗಲೆಲ್ಲ ಕೋಟೆ ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ ಆದ್ದರಿಂದ ಈ ವಿಷಯದಲ್ಲಿ ನಾನು ಎಕ್ಸ್‌ಪರ್ಟ್ ಅಂತ ಧೈರ್ಯವಾಗಿ ಹೇಳುತ್ತೇನೆ.

ಹಿಂದೆ ಒಂದೇ ಗಂಟು ಹಾಕಿದ ಬಂಡಾನಾ ಮೇಲುದುರ್ಗದ ಗಾಳಿಗೆ ನಿಲ್ಲುವುದಿಲ್ಲ. ಎದುರಿಗೆ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ. ನಾನು ಮಾಡುವುದು ಹೀಗೆ. ಮೊದಲು ಕೂದಲು ತುರುಬು ಕಟ್ಟಿ, ಬಂಡಾನಾ ಎರಡು ತುದಿಯನ್ನು ತುರುಬಿನ ಕೆಳಗೆ ತಂದು ಗಂಟು ಹಾಕಿ, ಮೂರನೇ ಮೂಲೆಯನ್ನು ಆ ಗಂಟಿನೊಳಗೆ ತುರುಕುತ್ತೇನೆ. ಕಿವಿ ಹಿಂದೆ ಎರಡು ಟಿಕ್‌ಟಾಕ್ ಕ್ಲಿಪ್. ಅಕ್ಕ ತಂಗಿ ಹೊಂಡದ ಹತ್ತಿರ ಬಿಚ್ಚಿ ಬಾಟಲಿ ನೀರಲ್ಲಿ ಒದ್ದೆ ಮಾಡಿ ಮತ್ತೆ ಕಟ್ಟಿಕೊಂಡರೆ ಇಳಿಯುವ ತನಕ ತಂಪು.

ಮಂಡಕ್ಕಿ_ಮಿರ್ಚಿ
ಒದ್ದೆ ಬಟ್ಟೆಗೆ ನನ್ನ ಓಟು. ನಮ್ಮ ಕಡೆ ಮಂಡಕ್ಕಿ ಭಟ್ಟಿಗಳಲ್ಲಿ ನೋಡಿ. ಕೆಂಡದ ಮುಂದೆ, ಕಾದ ಮರಳಲ್ಲಿ ಅಕ್ಕಿ ಅರಳಿಸುವವರ ತಲೆ ಮೇಲೆ ಒದ್ದೆ ಟವೆಲ್ ಇದ್ದೇ ಇರುತ್ತದೆ. ಪಕ್ಕದಲ್ಲಿ ಬಕೆಟ್. ಒಣಗಿತು ಅನ್ನಿಸಿದ ಕೂಡಲೇ ಅದ್ದಿ, ಹಿಂಡಿ, ಸುತ್ತಿಕೊಳ್ಳುತ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನಿಮಗೆ ಬರೀ ಸೆಕೆ, ಅವರಿಗೆ ಬೆಂಕಿ.

ಕುಡ್ಲದಲ್ಲಿ_ಇದ್ದೇನೆ
ದಾವಣಗೆರೆಯಲ್ಲಿ ಹುಟ್ಟಿ ಈಗ ಮಂಗಳೂರಲ್ಲಿ ಕೆಲಸ. ಒದ್ದೆ ಬಟ್ಟೆ ಅಲ್ಲಿ ನಡೆಯುತ್ತದೆ, ಇಲ್ಲಿ ದಂಡ. ಇಲ್ಲಿ ಬೆಳಿಗ್ಗೆ ಒದ್ದೆ ಮಾಡಿ ಕಟ್ಟಿದ್ದು ಮಧ್ಯಾಹ್ನಕ್ಕೂ ಒದ್ದೆ, ಅದರ ಮೇಲೆ ನಮ್ಮದೇ ಬೆವರು. ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ನೀರು ಆವಿಯಾಗಿ ಹೋಗುವಾಗಲೇ ತಲೆಯ ಬಿಸಿ ಎಳೆದುಕೊಂಡು ಹೋಗುವುದು. ನಮ್ಮೂರ ಒಣ ಬಿಸಿಲಿಗೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ಊರಿಗೆ ಬಂದಾಗ ನಾನೂ ಒದ್ದೆ ಮಾಡಿಯೇ ಕಟ್ಟುವುದು. ಪಾಲಿಯೆಸ್ಟರ್ ಒಳಗೆ ನೀರು ಎಳೆದುಕೊಳ್ಳುವುದೇ ಇಲ್ಲ, ಅದಕ್ಕೇ ನಿಮಗೆ ಸೆಕೆ ಜಾಸ್ತಿ ಆಗಿದ್ದು.

ನೈಟ್‌ಡ್ಯೂಟಿ_ಸಿಸ್ಟರ್
ಒದ್ದೆ ಬಟ್ಟೆ ಸರಿ, ಒದ್ದೆ ಕೂದಲು ಬೇಡ. ಎರಡನ್ನೂ ಕಲಸಬೇಡಿ.

ತಲೆಗೆ ಸ್ನಾನ ಮಾಡಿ ಬುಡ ಒಣಗುವ ಮೊದಲೇ ಬಿಗಿಯಾಗಿ ಕಟ್ಟಿಕೊಂಡು ಹೊರಡುವವರು ಬಹಳ ಜನ. ಬೆಚ್ಚಗೆ, ಒದ್ದೆ, ಮೇಲೆ ಎಣ್ಣೆ. ಹೊಟ್ಟು ಮಾಡುವ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಬುಡ ಪೂರ್ತಿ ಒಣಗಲಿ. ಸಂಜೆ ಮನೆಗೆ ಬಂದ ಕೂಡಲೇ ಬಿಚ್ಚಿ ಕೂದಲು ಹರಡಿ. ಬೆವರಿದ ಬಂಡಾನಾ ನಾಳೆಗೂ ಅಂತ ಗೂಟಕ್ಕೆ ನೇತು ಹಾಕಬೇಡಿ, ದಿನಾ ಒಗೆಯಿರಿ.

ಉದುರುವ ವಿಷಯ. ಬಂಡಾನಾ ಕಟ್ಟಿದ್ದಕ್ಕೆ ಕೂದಲು ಉದುರುವುದಿಲ್ಲ. ಬಿಗಿಯಾಗಿ ಎಳೆದು, ದಿನಾ ಒಂದೇ ಜಾಗದಲ್ಲಿ ಕಟ್ಟಿದರೆ ಹಣೆಯ ಅಂಚು ಮತ್ತು ಕಿವಿ ಮೇಲಿನ ಕೂದಲು ನಿಧಾನಕ್ಕೆ ಹೋಗುತ್ತದೆ. ಡಾಕ್ಟರು ಅದನ್ನು ಟ್ರಾಕ್ಷನ್ ಅಲೋಪೇಶಿಯಾ ಅಂತಾರೆ. ಬಿಗಿ ಜಡೆ, ಬಿಗಿ ಪೋನಿಟೇಲ್ ಹಾಕುವವರಿಗೂ ಇದೇ ತೊಂದರೆ. ಶುರುವಿನಲ್ಲೇ ಎಳೆತ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ, ವರ್ಷಗಟ್ಟಲೆ ಬಿಟ್ಟರೆ ಬುಡವೇ ಹೋಗುತ್ತದೆ. ಕಟ್ಟಿದ ಮೇಲೆ ಹುಬ್ಬು ಮೇಲೆತ್ತಿ ನೋಡಿ. ಹಣೆ ಎಳೆದ ಅನುಭವ ಆದರೆ ಬಿಗಿ ಜಾಸ್ತಿ ಆಗಿದೆ. ಸಂಜೆ ಬಿಚ್ಚಿದಾಗ ಬುಡ ನೋಯುತ್ತಿದ್ದರೂ ಅಷ್ಟೇ. ಜಾಗವನ್ನೂ ಆಗಾಗ ಬದಲಿಸಿ.

ಗುಂಗುರು_ದಾವಣಗೆರೆ
ಥ್ಯಾಂಕ್ಸ್ ಸಿಸ್ಟರ್. ಆದರೆ ಬಿಗಿ ಮಾಡದೆ ಇದ್ದರೆ ಜಾರುತ್ತದಲ್ಲ, ಅದೇ ನನ್ನ ಗೋಳು.

ಆಜಾದ್‌ನಗರ_ಆಪಾ
ಅದಕ್ಕೆ ನಾನು ಹೇಳುತ್ತೇನೆ. ನಾವು ಸ್ಕಾರ್ಫ್ ಕಟ್ಟುವವರು, ಜಾರುವ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಿಫಾನ್, ಜಾರ್ಜೆಟ್ ಸ್ಕಾರ್ಫ್ ಬರೀ ತಲೆ ಮೇಲೆ ಕೂರುವುದೇ ಇಲ್ಲ. ಅದಕ್ಕೆ ಒಳಗೆ ಬನಿಯನ್ ಬಟ್ಟೆಯ ಅಗಲ ಬ್ಯಾಂಡ್ ಹಾಕುತ್ತೇವೆ. ಕಾಟನ್ ಬನಿಯನ್ ಬಟ್ಟೆ ಹಿಗ್ಗುತ್ತದೆ, ಒತ್ತುವುದಿಲ್ಲ, ಮೇಲಿನ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ನೀವು ಒಂದು ಹಳೇ ಟೀ ಶರ್ಟಿನ ತೋಳು ಅಡ್ಡ ಕತ್ತರಿಸಿ, ಎರಡು ಬೆರಳಿನಷ್ಟು ಅಗಲದ ಪಟ್ಟಿ ಮಾಡಿ ಒಳಗೆ ಹಾಕಿ ನೋಡಿ. ಹಣೆಯ ಬೆವರನ್ನೂ ಅದೇ ಹೀರುತ್ತದೆ. ತೋಳು ನಿಮ್ಮ ತಲೆಗೆ ಸಣ್ಣದಾದರೆ ಅಣ್ಣಂದೋ ಅಪ್ಪಂದೋ ಟೀ ಶರ್ಟ್ ನೋಡಿ. ಅವರು ನೋಡದೇ ಇದ್ದಾಗ.

ಹೊಲಿಗೆ_ಮನೆ
ಆಪಾ ಹೇಳಿದ್ದು ನೂರಕ್ಕೆ ನೂರು. ಟೀ ಶರ್ಟ್ ಬಟ್ಟೆ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಅಂಚು ಹೊಲಿಯುವ ಕೆಲಸವೂ ಇಲ್ಲ.

ಚಳ್ಳಕೆರೆ_ಎಣ್ಣೆಮಿಲ್
ಎಣ್ಣೆ ಹಚ್ಚಿಕೊಂಡು ಕಟ್ಟುತ್ತೀರಾ? ಅದಕ್ಕೇ ಜಾರುವುದು. ನಮ್ಮೂರು ಎಣ್ಣೆಯ ಊರು, ಆದರೂ ಹೇಳುತ್ತೇನೆ, ಬಂಡಾನಾ ದಿನ ಎಣ್ಣೆ ಬೇಡ.

ಹರಿಹರ_ಹೊಳೆದಂಡೆ
ಇಷ್ಟೆಲ್ಲ ಬೇಕಾ? ನಮ್ಮ ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಚೌಕ ಮಾಡಿಕೊಂಡಿದ್ದೇನೆ. ಒಗೆದು ಒಗೆದು ಮೆತ್ತಗಾಗಿರುವ ಬಟ್ಟೆ, ಬಣ್ಣ ಬಿಡುವ ಭಯ ಇಲ್ಲ, ಕುಗ್ಗುವ ಭಯ ಇಲ್ಲ. ಅಂಚಿನ ಪಟ್ಟಿ ಬಿಟ್ಟು ಮೈ ಬಟ್ಟೆ ತಗೊಳ್ಳಬೇಕು. ಪೇಟೆಯ ಯಾವ ಮಲ್ ಕಾಟನ್ನೂ ಅದರ ಮುಂದೆ ನಿಲ್ಲುವುದಿಲ್ಲ. ಅಮ್ಮನಿಗೂ ಖುಷಿ, ಅಜ್ಜಿ ಸೀರೆ ತಲೆ ಮೇಲಿದೆ ಅಂತ.

ಟ್ರೆಂಡಿ_ತುಂಗಾ
ಒಳ್ಳೆ ಐಡಿಯಾ! ನಮ್ಮ ಮನೆಯಲ್ಲಿ ಅಜ್ಜಿಯ ಮೊಳಕಾಲ್ಮೂರು ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದಿದೆ. ಅದರಲ್ಲಿ ಮಾಡಿಸಿದರೆ ಸೂಪರ್ ಕಾಣುತ್ತೆ ಅಲ್ವಾ? ರೇಷ್ಮೆ ಕೂದಲಿಗೂ ಒಳ್ಳೆಯದು ಅಂತಾರೆ.

ಕಲ್ಲಿನಕೋಟೆ_ಹುಡುಗಿ
ಅಯ್ಯೋ ಕತ್ತರಿ ಕೆಳಗಿಡಿ! ಮೊಳಕಾಲ್ಮೂರು ಸೀರೆ ಹರಿದು ತಲೆಗೆ ಕಟ್ಟುತ್ತೀರಾ? ನಮ್ಮ ಜಿಲ್ಲೆಯವರು ಯಾರಾದರೂ ಓದಿದರೆ ಎದ್ದು ಬರುತ್ತಾರೆ. ಕೈಮಗ್ಗದಲ್ಲಿ ದಿನಗಟ್ಟಲೆ ಕೂತು ನೇಯ್ದಿರುತ್ತಾರೆ. ಮಡಿಕೆಯಲ್ಲಿ ಹರಿದಿದ್ದರೆ ರಫೂ ಮಾಡುವವರ ಹತ್ತಿರ ತೋರಿಸಿ. ಅದೂ ಆಗದಿದ್ದರೆ ಸೆರಗು ಉಳಿಸಿ ದುಪಟ್ಟಾ ಮಾಡಿಸಿ.

ಟ್ರೆಂಡಿ_ತುಂಗಾ
ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ತಲೆ ಮೇಲಿರುವುದು ಮೇಲಲ್ವಾ? ಎಲ್ಲರೂ ಸುಮ್ನೆ ಸೆಂಟಿಮೆಂಟ್ ಮಾಡುತ್ತೀರಿ. ನನ್ನ ಅಜ್ಜಿ, ನನ್ನ ಸೀರೆ.

ಹೊಲಿಗೆ_ಮನೆ
ಸೆಂಟಿಮೆಂಟ್ ಬಿಡಿ, ಕೆಲಸದ ಮಾತು ಹೇಳುತ್ತೇನೆ. ರೇಷ್ಮೆ ರಾತ್ರಿ ಮಲಗುವಾಗ ಗುಂಗುರು ಕೂದಲಿಗೆ ಒಳ್ಳೆಯದು, ಉಜ್ಜಾಟ ಕಡಿಮೆ, ಕೂದಲು ಸಿಕ್ಕಾಗುವುದಿಲ್ಲ. ಅದೇ ಗುಣ ಬಿಸಿಲಲ್ಲಿ ತೊಂದರೆ, ಜಾರುತ್ತದೆ. ಬೆವರಿನ ಉಪ್ಪು ರೇಷ್ಮೆಗೆ ಶತ್ರು, ಬಣ್ಣ ಕೆಡುತ್ತದೆ, ಎಳೆ ಸೊರಗುತ್ತದೆ. ಜರಿ ಇದ್ದರೆ ಹಣೆಗೆ ಚುಚ್ಚುತ್ತದೆ. ಇಷ್ಟಾದರೂ ಬೇಕು ಅಂದರೆ ತನ್ನಿ, ಹೊಲಿದು ಕೊಡುತ್ತೇನೆ. ನನಗೇನು, ಕೂಲಿ ಬರುತ್ತದೆ.

ಟ್ರೆಂಡಿ_ತುಂಗಾ
ಸರಿ ಅಕ್ಕ. ಮದುವೆಗೆ ಮಾತ್ರ ಕಟ್ಟುತ್ತೇನೆ, ಎಸಿ ಹಾಲ್‌ನಲ್ಲಿ.

ಬೆಣ್ಣೆದೋಸೆ_ಫ್ಯಾನ್
ದಾವಣಗೆರೆಯಲ್ಲಿ ಏಪ್ರಿಲ್ ಮದುವೆಗೆ ಎಸಿ ಹಾಲ್ ಸಿಕ್ಕಿದವರು ಪುಣ್ಯವಂತರು.

ಬಣ್ಣದ_ಅಂಗಡಿ_ಪಕ್ಕ
ಯಾರೂ ಬಣ್ಣ ಬಿಡುವ ವಿಷಯ ಹೇಳಲಿಲ್ಲ. ಕೆಂಪು, ನೇವಿ ಬ್ಲೂ ಬಂಡಾನಾ ಕಟ್ಟಿ ಬೆವರಿದರೆ ಹಣೆ ಮೇಲೆ ಗೆರೆ, ಬಿಳಿ ಕುರ್ತಾದ ಕಾಲರ್ ಹಾಳು. ಮೊದಲ ಒಗೆತದಲ್ಲಿ ಒಂದು ಹಿಡಿ ಕಲ್ಲುಪ್ಪು ಹಾಕಿ ನೆನೆಸಿ. ಬಣ್ಣ ನಿಂತುಬಿಡುತ್ತದೆ.

ಡೈಯಿಂಗ್_ಕೆಮಿಸ್ಟ್
ಉಪ್ಪಿನ ಕಥೆ ಎಲ್ಲ ಮನೆಯಲ್ಲೂ ಇದೆ. ಉಪ್ಪು ಬೇಕಾಗುವುದು ಬಣ್ಣ ಹಾಕುವಾಗ. ಕಾಟನ್ನಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನೀರಿನಿಂದ ಬಟ್ಟೆ ಕಡೆ ತಳ್ಳುತ್ತದೆ, ಆಮೇಲೆ ವಾಷಿಂಗ್ ಸೋಡಾ ಹಾಕಿದ ಮೇಲೆ ಎಳೆಗೆ ಅಂಟುತ್ತದೆ. ಅಂಟದೆ ಉಳಿದ ಬಣ್ಣವನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ಅವಸರಕ್ಕೆ ಆ ತೊಳೆಯುವ ಕೆಲಸ ಬಿಟ್ಟವರ ಬಟ್ಟೆಯೇ ಮನೆಯಲ್ಲಿ ಬಣ್ಣ ಬಿಡುವುದು. ಹೊಲಿದು ಮನೆಗೆ ಬಂದ ಮೇಲೆ ನೀವು ಹಾಕುವ ಉಪ್ಪು ಅದನ್ನು ಹೊಸದಾಗಿ ಅಂಟಿಸುವುದಿಲ್ಲ. ಹೆಚ್ಚುವರಿ ಬಣ್ಣ ಹೋಗುವ ತನಕ ಬೇರೆಯಾಗಿ ಒಗೆಯುವುದೇ ದಾರಿ.

ಹಳೇ ಕಾಲದ ಕೆಂಪು ಬಂಡಾನಾ ಬಣ್ಣ ಬಿಡದೆ ಇರುತ್ತಿದ್ದುದಕ್ಕೆ ಕಾರಣ ಬೇರೆ. ಮಂಜಿಷ್ಠದ ಜಾತಿಯ ಗಿಡದ ಬೇರು, ಪಟಿಕ, ಎಣ್ಣೆ, ಒಂದಾದ ಮೇಲೊಂದು ವಾರಗಟ್ಟಲೆ ಅದ್ದಿ ಒಣಗಿಸುವ ಕೆಲಸ. ಟರ್ಕಿ ರೆಡ್ ಅಂತ ಹೆಸರು. 1869ರ ಸುಮಾರಿಗೆ ಆ ಬಣ್ಣದ ಸಾರ ಅಲಿಜರಿನ್ ಅನ್ನು ಕಾರ್ಖಾನೆಯಲ್ಲೇ ಮಾಡಲು ಶುರು ಮಾಡಿದ ಮೇಲೆ ಬೇರಿನ ಬೇಸಾಯ ಕುಸಿಯಿತು.

ಬಣ್ಣದ_ಅಂಗಡಿ_ಪಕ್ಕ
ನಮ್ಮಮ್ಮ ಜೀವನ ಪೂರ್ತಿ ಉಪ್ಪು ಹಾಕಿದ್ದಾರೆ, ಬಟ್ಟೆಗಳು ಚೆನ್ನಾಗಿವೆ.

ಡೈಯಿಂಗ್_ಕೆಮಿಸ್ಟ್
ಅಮ್ಮ ಉಪ್ಪಿನ ಜೊತೆ ನೀರಲ್ಲಿ ನೆನೆಸಿ ಬೇರೆಯಾಗಿ ಒಗೆದರಲ್ಲ, ಅದರಿಂದ ಚೆನ್ನಾಗಿವೆ.

ಬಣ್ಣದ_ಅಂಗಡಿ_ಪಕ್ಕ
ಉಪ್ಪು ಅಗ್ಗ ಸ್ವಾಮಿ. ಹಾಕಿದರೆ ನಷ್ಟ ಏನು?

ಬೋಳುತಲೆ_ಬಾತಿ
ಕೂದಲಿರುವವರ ಚರ್ಚೆ ಮುಗಿದಿದ್ದರೆ ನನ್ನದೂ ಕೇಳಿ. ನನಗೆ ಕೂದಲೇ ಇಲ್ಲ. ಬಾತಿ ಗುಡ್ಡದ ಕಡೆ ಬೆಳಿಗ್ಗೆ ವಾಕಿಂಗ್ ಹೋದರೂ ತಲೆ ಚುರ್ರೆನ್ನುತ್ತದೆ. ಬಂಡಾನಾ ಕಟ್ಟಿದರೆ ಹುಡುಗರು ಅಂಕಲ್ ಜಿಮ್ ಸೇರಿದ್ರಾ ಅಂತಾರೆ. ಹೆಂಡತಿ ಹೋಟೆಲ್ ದೋಸೆ ಭಟ್ಟರು ಬಂದರು ಅಂತಾಳೆ. ನಾವು ಕಟ್ಟಬಾರದಾ?

ಮಿಲ್_ಕಾಲೊನಿ_ಕಡೆಯವನು
ಧಾರಾಳವಾಗಿ ಕಟ್ಟಿ. ತಲೆಗೆ ಟವೆಲ್ ಸುತ್ತಿಕೊಂಡು ಎಪಿಎಂಸಿಯಲ್ಲಿ ಓಡಾಡುವ ರೈತರನ್ನು ಯಾರಾದರೂ ಜಿಮ್ ಸೇರಿದ್ರಾ ಅಂತ ಕೇಳುತ್ತಾರಾ? ಅದೇ ಬಟ್ಟೆ ಚಿಕ್ಕದಾಗಿ ಬಣ್ಣ ಬಂದ ಕೂಡಲೇ ನಗು. ಜನ ಹಾಗೇ.

ನೈಟ್‌ಡ್ಯೂಟಿ_ಸಿಸ್ಟರ್
ಅಂಕಲ್, ಕೂದಲಿಲ್ಲದ ತಲೆಗೇ ಇದು ಜಾಸ್ತಿ ಬೇಕು, ಬಿಸಿಲಿಗೆ ನೇರ ಚರ್ಮ ಸಿಗುತ್ತದೆ. ಆದರೆ ತೀರಾ ತೆಳು ಬಿಳಿ ಬಟ್ಟೆಯಲ್ಲಿ ಬಿಸಿಲು ಒಳಗೆ ಇಳಿಯುತ್ತದೆ. ಬೆಳಕಿಗೆ ಹಿಡಿದಾಗ ಆಚೆ ಕಡೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಎರಡು ಪದರ ಮಾಡಿ. ಕಿವಿ, ಕುತ್ತಿಗೆ ಬಂಡಾನಾ ಹೊರಗೇ ಇರುತ್ತವೆ, ಅಲ್ಲಿಗೆ ಸನ್‌ಸ್ಕ್ರೀನ್ ಹಚ್ಚಿ.

ಹೊಲದ_ಬದು
ಶೇಂಗಾ ಕೀಳುವ ಹೆಂಗಸರು ಸೀರೆ ಸೆರಗಿನ ಮೇಲೆ ಟವೆಲ್ ಕಟ್ಟಿ, ಹಿಂದಿನ ತುದಿ ಕುತ್ತಿಗೆ ಮೇಲೆ ಬಿಟ್ಟಿರುತ್ತಾರೆ. ಬಗ್ಗಿದಾಗ ಕುತ್ತಿಗೆ ಸುಡಬಾರದು ಅಂತ. ನೀವು ಮೂರನೇ ಮೂಲೆಯನ್ನು ಗಂಟಿನೊಳಗೆ ತುರುಕಬೇಡಿ, ಹೊರಗೆ ಬಿಡಿ. ಕೋಟೆ ಗಾಳಿಯವರ ವಿಷಯ ಬೇರೆ.

ಬ್ಯಾಂಕ್_ಕೌಂಟರ್
ಆಫೀಸಿನಲ್ಲಿ ಕಟ್ಟಿಕೊಂಡು ಕೂರುತ್ತೀರಾ ಅಥವಾ ದಾರಿಗೆ ಮಾತ್ರವಾ? ನಾನು ಒಂದು ಸಲ ಕಟ್ಟಿಕೊಂಡೇ ಕೌಂಟರಿಗೆ ಕೂತಿದ್ದಕ್ಕೆ ಮೇಲಿನವರು ಇದು ಪಿಕ್ನಿಕ್ ಅಲ್ಲ ಅಂದರು. ಅದೇ ಮನುಷ್ಯ ಶ್ರಾವಣದಲ್ಲಿ ಹಣೆ ತುಂಬ ಭಸ್ಮ ಹಚ್ಚಿಕೊಂಡು ಬರುತ್ತಾರೆ, ನಾವೇನಾದರೂ ಅಂದೆವಾ? ಈಗ ತಿಳಿ ಬೂದು ಬಣ್ಣದ್ದನ್ನು ಅಗಲ ಹೇರ್‌ಬ್ಯಾಂಡ್ ಅಳತೆಗೆ ಮಡಚಿ, ಗಂಟನ್ನು ಕೂದಲ ಕೆಳಗೆ ಮುಚ್ಚಿ ಕಟ್ಟುತ್ತೇನೆ. ಯಾರೂ ತುಟಿ ಬಿಚ್ಚಿಲ್ಲ. ಗ್ರಾಹಕರೊಬ್ಬರು ಎಲ್ಲಿ ತಗೊಂಡಿರಿ ಮೇಡಂ ಅಂತ ಕೇಳಿದರು.

ಗುಂಗುರು_ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಚೌಕಿಪೇಟೆಯಲ್ಲಿ ಮಲ್ ಕಾಟನ್ ತಂದೆ, ತಿಳಿ ಹಳದಿ ಮತ್ತು ಇಂಡಿಗೊ. ನೆನೆಸಿ ಒಣ ಹಾಕಿದ್ದೇನೆ. ಟೀ ಶರ್ಟ್ ತೋಳಿನ ಪಟ್ಟಿ ಒಳಗೆ ಹಾಕಿ, ಮೇಲೆ ಹಳೇ ವೇಲ್ ತುಂಡು ಕಟ್ಟಿಕೊಂಡು ಇವತ್ತು ಟ್ರಯಲ್ ಮಾಡಿದೆ. ಜಾರಲಿಲ್ಲ! ಹೆಲ್ಮೆಟ್ಟೂ ಸರಿಯಾಗಿ ಕೂತಿತು. ಅಂಚು ಮಾತ್ರ ಹೇಗೆ ಮುಗಿಸಲಿ? ಪೀಕೋ ಮಾಡಿಸಲಾ, ಮಡಚಿ ಹೊಲಿಸಲಾ?

ಹೊಲಿಗೆ_ಮನೆ
ಪೀಕೋ ಸಾಕು, ಹಗುರವಾಗಿರುತ್ತದೆ. ಸೀರೆ ಫಾಲ್ ಹಾಕುವ ಯಾವ ಅಂಗಡಿಯಲ್ಲೂ ಕೂತಲ್ಲೇ ಮಾಡಿಕೊಡುತ್ತಾರೆ. ಪೀಕೋ ದಾರ ಮಾತ್ರ ನೋಡಿ. ಹೊಳೆಯುವ ದಾರ ಹಾಕಿದರೆ ಹಣೆಗೆ ತರಚುತ್ತದೆ, ಕಾಟನ್ ದಾರ ಹಾಕಿ ಅನ್ನಿ. ಇಂಡಿಗೊ ಬಟ್ಟೆಯನ್ನು ಹಳದಿ ಜೊತೆ ನೆನೆಸಿಲ್ಲ ತಾನೇ?

ಗುಂಗುರು_ದಾವಣಗೆರೆ
ಬೇರೆ ಬೇರೆ ಬಕೆಟ್ ಅಕ್ಕ. ಇಂಡಿಗೊ ನೀರು ಇನ್ನೂ ನೀಲಿ ಬರುತ್ತಲೇ ಇದೆ.

ಬಣ್ಣದ_ಅಂಗಡಿ_ಪಕ್ಕ
ಉಪ್ಪು ಹಾಕಿ.

ಡೈಯಿಂಗ್_ಕೆಮಿಸ್ಟ್
ಹಾಕಬೇಡಿ. ಇಂಡಿಗೊ ಎಳೆಯ ಮೇಲೆ ಕೂತಿರುವ ಬಣ್ಣ, ಉಜ್ಜಿದರೆ ಬರುತ್ತಲೇ ಇರುತ್ತದೆ. ತಿಳಿ ಬಣ್ಣದ ಡ್ರೆಸ್ ಹಾಕಿದ ದಿನ ಹಳದಿ ಕಟ್ಟಿ.

ಬೋಳುತಲೆ_ಬಾತಿ
ಹಳದಿಯಲ್ಲಿ ನಾಲ್ಕು ಬಂದಿದ್ದರೆ ಒಂದು ನನಗೆ ಕೊಡಮ್ಮ. ಹೆಂಡತಿಗೆ ಪ್ಯಾರಾಗಾನ್ ಚಪ್ಪಲಿ ತರಲು ಹೇಗೂ ನಾನೇ ಚೌಕಿಪೇಟೆ ಕಡೆ ಬರುತ್ತೇನೆ.

ಸುಮ್ನೆ_ಓದೋನು
ಅಂಕಲ್, ನಿಮಗೆ 18 ಇಂಚು ಸಾಕು. ಲೆಕ್ಕ ಮಾಡಿದೆ.